ಅಪ್ಪನ ಸಕ್ಕರೆ, ಅವ್ವನ ಕಾವಲು

ನನ್ನಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಅವ್ವನ ಮೊಣಕಾಲು ತೋರಿಸಲು ಹೋದಾಗ. ಕೊಪ್ಪಳ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ ಅದು. ಅಪ್ಪ ಅವ್ವ ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದರು. ಅವ್ವ ಕೂತರೆ ಏಳಲಾಗದು, ಎದ್ದರೆ ಕೂರಲಾಗದು ಎನ್ನುವ ಹಾಗಾಯಿತು. ನಾನು ಗಂಗಾವತಿಯಲ್ಲಿದ್ದೆ, ಮನೆಯ ಹತ್ತಿರದ ಸರಕಾರಿ ಶಾಲೆಯಲ್ಲಿ ಟೀಚರು, ಗಂಡ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ದವಾಖಾನೆ ಹತ್ತಿರವಿದೆ ಎಂದು ಹೇಳಿ ಇಬ್ಬರನ್ನೂ ಕರೆಸಿಕೊಂಡೆ. ಮಗಳ ಮನೆಯಲ್ಲಿ ಉಳಿಯುವುದೆಂದರೆ ಅಪ್ಪನಿಗೆ ನಾಚಿಕೆ. ಅಂಗಳದಲ್ಲಿ ಚೀಲ ಇಳಿಸುವಾಗಲೇ ಎದುರು ಮನೆಯವರಿಗೆ ಕೇಳುವಂತೆ, "ನಾ ಏನ ಇರಾಕ ಬಂದಿಲ್ಲ, ಇಕಿ ಮೊಣಕಾಲಿನ ಸಂಗಾಟ ಬಂದೀನಿ," ಎಂದು ಸಾರಿದ.

ಡಾಕ್ಟರು ನಮ್ಮ ಕಡೆಯವರೇ, ಇನ್ನೂ ನಲವತ್ತು ದಾಟದ ನಗುಮುಖದ ಮನುಷ್ಯ. ಅವ್ವನ ಮೊಣಕಾಲನ್ನು ಮಡಿಸಿ ಬಿಡಿಸಿ ನೋಡುತ್ತಿದ್ದವರು, ಅಪ್ಪ ಮತ್ತೆ ಮತ್ತೆ ಎದ್ದು ಹೊರಗೆ ಹೋಗಿ ಬರುವುದನ್ನೂ, ಬಂದವನೇ ನೀರಿನ ಬಾಟಲಿ ಎತ್ತುವುದನ್ನೂ ಗಮನಿಸಿದ್ದರು.

"ಯಜಮಾನ್ರ, ನೀವೂ ಒಂದೀಟ ರಕ್ತ ಕೊಟ್ಟ ಹೋಗ್ರಿ," ಎಂದರು.

"ನನಗೇನ ಆಗೇತ್ರಿ? ಮೊಣಕಾಲು ಇಕಿದು."

"ಇರ್ಲಿ, ಸಂಗಾಟ ಬಂದೀರಲ್ಲ, ಅದಕ್ಕ."

ಮರುದಿನ ಅವ್ವನಿಗೆ ಕಾಲಿನ ವ್ಯಾಯಾಮ ಹೇಳಿಕೊಟ್ಟರು. ಅವಳಿಗೆ ರಕ್ತದೊತ್ತಡವೂ ಇತ್ತು. ಅದಕ್ಕೊಂದು ಗುಳಿಗೆ ಬರೆದು, ಉಪ್ಪು, ಕರಿದದ್ದು, ಉಪ್ಪಿನಕಾಯಿ ದೂರವಿಡಬೇಕೆಂದರು. ಅಪ್ಪನ ರಕ್ತದ ಕಾಗದವನ್ನು ಮಾತ್ರ ಎರಡೆರಡು ಸಲ ಓದಿದರು. ಆಮೇಲೆ ಸಕ್ಕರೆ ಗುಳಿಗೆ ಬರೆದು, ದಿನಾ ಬೆಳಿಗ್ಗೆ ನಡೆಯಬೇಕು, ಸಿಹಿ ಪೂರ್ತಿ ಬಿಡಬೇಕು, ಅನ್ನ ಇಲ್ಲವೆನ್ನುವಷ್ಟು ಕಡಿಮೆ ಮಾಡಿ ರೊಟ್ಟಿ ತಿನ್ನಬೇಕು ಎಂದರು.

ಸಿಹಿಯ ಮಾತನ್ನು ಅಪ್ಪ ಹೇಗೋ ತಡೆದುಕೊಂಡ. ಅನ್ನದ ಮಾತು ಅವನಿಗೆ ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದೇ ಬೆಳೆದವನು ಅವನು. ನಮ್ಮ ಹಳ್ಳಿಯಲ್ಲಿ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ, ಇಲ್ಲವೇ ಜ್ವರ ಬಂದವರಿಗೆ. ನನಗೆ ಗಂಗಾವತಿಯ ಗಂಡು ಗೊತ್ತಾದಾಗ ಅಪ್ಪ ಊರ ತುಂಬ ಹೇಳಿಕೊಂಡು ತಿರುಗಿದ್ದು ಅಳಿಯನ ಓದನ್ನೂ ಅಲ್ಲ, ಗುಣವನ್ನೂ ಅಲ್ಲ. "ನನ್ನ ಮಗಳು ದಿನಾ ಅನ್ನ ಉಣ್ಣೂ ಮನಿಗೆ ಹೊಂಟಾಳ" ಎಂಬುದಷ್ಟನ್ನೇ. ಈಗ ಅವನೇ ಆ ಮನೆಗೆ ಬಂದಿದ್ದ. ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ಅಳಿಯನ ಅಂಗಿಯ ತುಂಬ ಅಕ್ಕಿಯ ತೌಡಿನ ವಾಸನೆ.

"ಜೀವಮಾನ ಪೂರ್ತಿ ರೊಟ್ಟಿ ಕಡದು ಹಲ್ಲು ಸವಿಸೀನಿ," ಎಂದ ಮನೆಗೆ ಬಂದು. "ಹಲ್ಲು ಹೋದಮ್ಯಾಲ ಅಕ್ಕಿ ಊರಿಗೆ ಬಂದೀನಿ. ಇಲ್ಲಿ ಬಂದ್ರ ಇವ ರೊಟ್ಟಿ ತಿನ್ನು ಅಂತಾನ. ಇವ ಎಲ್ಲಿ ಕಲತ ಬಂದಾನೋ ಏನೋ."

"ಕಲತದ್ದ ಸರಿ ಐತಿ," ಎಂದಳು ಅವ್ವ. ಕಾವಲಿನ ಕೆಲಸವನ್ನು ಅವಳೇ ವಹಿಸಿಕೊಂಡಳು. ತನ್ನ ಹಾಸಿಗೆಯನ್ನು ಅಡುಗೆಮನೆಯ ಬಾಗಿಲಿಗೆ ತಂದು ಹಾಸಿದಳು. ಅಪ್ಪ ಒಳಗೆ ಹೋಗಬೇಕಾದರೆ ಅವಳ ಕಾಲು ದಾಟಿ ಹೋಗಬೇಕು; ನೋಯುವ ಕಾಲು ಹೇಗೆ ದಾಟುವುದು? ಅವ್ವನಿಗೆ ಕಿವಿ ಸ್ವಲ್ಪ ಮಂದ. ಮಂದವೆಂದರೂ ಅದಕ್ಕೊಂದು ಲೆಕ್ಕವಿತ್ತು. "ಗುಳಿಗಿ ತಗೊಂಡೇನವ್ವಾ?" ಎಂದು ಪಕ್ಕದಲ್ಲೇ ನಿಂತು ಕೂಗಿದರೂ ಕೇಳುತ್ತಿರಲಿಲ್ಲ. ಹಿತ್ತಲಿನಲ್ಲಿದ್ದಾಗ ಅಡುಗೆಮನೆಯಲ್ಲಿ ಅಪ್ಪ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸಿದರೆ ಕೇಳುತ್ತಿತ್ತು.

ಅಪ್ಪ ಬೆಳಗಿನ ನಡಿಗೆಗೆ ಹೊರಟ. ಮೊದಲ ವಾರ ಗೊಣಗಿಕೊಂಡು ಹೋದ. ಎರಡನೆಯ ವಾರದಿಂದ ನಾವು ಯಾರೂ ಎಬ್ಬಿಸಬೇಕಾಗಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು, ಮುಖ ತೊಳೆದು, ತಲೆಗೆ ರುಮಾಲು ಸುತ್ತಿ, ಕೋಲು ಹಿಡಿದು ಹೊರಟೇಬಿಡುತ್ತಿದ್ದ. ಹೋದವನು ಬರುತ್ತಿದ್ದುದು ಬಿಸಿಲೇರಿದ ಮೇಲೆ. ಕಾಲುವೆಯ ದಂಡೆಯವರೆಗೂ ಹೋಗಿ ಬರುತ್ತೇನೆ ಎನ್ನುತ್ತಿದ್ದ. ನಾನು ಶಾಲೆಯ ಸಹೋದ್ಯೋಗಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ: ಈ ವಯಸ್ಸಿನಲ್ಲಿ ಎಂಥ ಶಿಸ್ತು ನೋಡಿರಿ.

ಆದರೆ ಸಕ್ಕರೆ ಇಳಿಯಲಿಲ್ಲ. ತಿಂಗಳಿಗೊಮ್ಮೆ ಬರಿಹೊಟ್ಟೆಯ ಪರೀಕ್ಷೆ ಮಾಡಿಸಿದಾಗ ಚೆನ್ನಾಗಿಯೇ ಇರುತ್ತಿತ್ತು. ಏಕೆಂದರೆ ಪರೀಕ್ಷೆಯ ದಿನ ಹತ್ತಿರ ಬಂತೆಂದರೆ ಅಪ್ಪ ಸನ್ಯಾಸಿಯಾಗುತ್ತಿದ್ದ. ಅದು ನಮಗೆ ಹೊಳೆದಿರಲಿಲ್ಲ. ಡಾಕ್ಟರಿಗೆ ಮಾತ್ರ ಅಪ್ಪನ ಕಾಲಿನ ಉರಿ, ಒಣಗದ ಗಾಯ ನೋಡಿ ಅನುಮಾನ ಬಂದಿತ್ತು. ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆ ಮಾಡಿಸಿದರು. ಬಂದ ಕಾಗದದಲ್ಲಿ ಸಕ್ಕರೆ ಏರಿಯೇ ಇತ್ತು; ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಯಜಮಾನ್ರ, ಹೊರಗ ಏನರ ತಿಂತೀರೇನು?"

"ಇಲ್ರಿ."

"ಚಾದಾಗ ಸಕ್ರಿ?"

"ಮನ್ಯಾಗ ಕೇಳ್ರಿ ಬೇಕಾರ. ಇಕಿ ಸಕ್ರಿ ಮುಖಾನ ತೋರಸೂದಿಲ್ಲ."

ಅದು ಸುಳ್ಳಲ್ಲ. ಅಪ್ಪ ಸುಳ್ಳು ಹೇಳುವಾಗಲೂ ಒಂದು ನಿಜವನ್ನು ಮುಂದೆ ನಿಲ್ಲಿಸಿ ಅದರ ಹಿಂದೆ ಅಡಗಿಕೊಳ್ಳುತ್ತಿದ್ದ. ಅವ್ವನೂ ಪಕ್ಕದಲ್ಲಿ ಗಂಭೀರವಾಗಿ ತಲೆಯಾಡಿಸಿದಳು. ಪಥ್ಯ ಇಷ್ಟು ಸರಿಯಾಗಿದ್ದೂ ಸಕ್ಕರೆ ಇಳಿಯದಿದ್ದರೆ ಗುಳಿಗೆ ಸಾಲುತ್ತಿಲ್ಲ ಎಂದೇ ಅರ್ಥ. ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿ ಕಳಿಸಿದರು.

ಮುಂದಿನ ಭಾನುವಾರ ನನಗೂ ಬೇಗ ಎಚ್ಚರವಾಯಿತು. ಅಪ್ಪ ರುಮಾಲು ಸುತ್ತಿಕೊಳ್ಳುತ್ತಿದ್ದ.

"ನಾನೂ ಬರತೀನಪ್ಪಾ," ಎಂದೆ.

ರುಮಾಲು ಅರ್ಧದಲ್ಲೇ ನಿಂತಿತು. "ನೀ ಯಾಕ? ಮಲಗು. ವಾರ ಪೂರ್ತಿ ಹುಡುಗರ ಕೂಡ ಒದರಿ ದಣದಿರ್ತಿ."

"ನನಗೂ ನಡಿಗಿ ಬೇಕು. ಮೈ ಬಂದೈತಿ."

"ಎಲ್ಲಿ ಬಂದೈತಿ? ಕಡ್ಡಿ ಆಗಿ."

ಕಡ್ಡಿಯಾಗಿದ್ದೇನೆಂದು ಅಪ್ಪ ಹೇಳಿದ್ದು ಅದೇ ಮೊದಲು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವನು ದೊಡ್ಡ ರಸ್ತೆ ಬಿಟ್ಟು ಓಣಿಗಳೊಳಗೆ ನುಗ್ಗಿದ. ಒಂದು ಓಣಿ ದಾಟಿ ಮತ್ತೊಂದು, ಮತ್ತೊಂದರಿಂದ ಇನ್ನೊಂದು. ದಾರಿಯಲ್ಲಿ ಗಾಳಿ ಎಷ್ಟು ಛಲೋ ಎಂದು ಹೇಳುತ್ತಿದ್ದ. ನಾವಾಗ ಚರಂಡಿಯ ಪಕ್ಕದಲ್ಲಿದ್ದೆವು. ಎಷ್ಟು ಸುತ್ತಿದರೂ ಕಾಲುವೆಗೆ ಹೋಗಬೇಕೆಂದರೆ ಒಂದು ಮೂಲೆಯನ್ನು ದಾಟಲೇಬೇಕು. ಆ ಮೂಲೆಯಲ್ಲೊಂದು ತಗಡಿನ ಹೋಟೆಲು. ಬಾಣಲೆಯಿಂದ ಹಸಿಮೆಣಸಿನ ಮಿರ್ಚಿ ಬಜ್ಜಿಯ ಘಮ ರಸ್ತೆಗೇ ಅಡ್ಡ ನಿಂತಿತ್ತು. ಅಪ್ಪ ಮುಖ ಆ ಕಡೆ ತಿರುಗಿಸಿ ಬಿರಬಿರನೆ ನಡೆದ. ಅವನು ಅಷ್ಟು ಜೋರಾಗಿ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಏಮಿ ತಾತಾ," ಎಂದು ಬಾಣಲೆಯ ಹಿಂದಿನಿಂದ ಹೋಟೆಲಿನವಳು ಕೂಗಿದಳು. ಆಂಧ್ರದಿಂದ ಬಂದು ಇಲ್ಲಿ ನೆಲೆಸಿದವರ ಕ್ಯಾಂಪಿನ ಹೆಣ್ಣುಮಗಳು. ಅವಳ ಕನ್ನಡಕ್ಕೆ ತೆಲುಗಿನ ಒಗ್ಗರಣೆ. "ಇವತ್ತ ಮುಂದಕ ಹೊಂಟ್ರಿ? ನಿಮ್ಮ ಜಾಗಾ ಹಿಡದ ಇಟ್ಟೀನಿ."

ಅಪ್ಪನಿಗೆ ಜಾಗ ಹಿಡಿದಿಟ್ಟಿದ್ದ ಬೆಂಚಿನ ಮೇಲೆ ನಾಲ್ಕೈದು ಮುದುಕರು ಸಾಲಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಕೋಲು, ಎಲ್ಲರ ಮುಂದೂ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಗಟ್ಟಿ ಚಹಾ. ಒಬ್ಬರು ಮಗ ಕೊಡಿಸಿದ ಬಿಳಿ ಬೂಟು ಹಾಕಿಕೊಂಡಿದ್ದರು; ಬೂಟಿಗೆ ಧೂಳೇ ಹತ್ತಿರಲಿಲ್ಲ. ಒಬ್ಬೊಬ್ಬರನ್ನೂ ಅವರವರ ಮನೆಯವರು ನಡೆಯಲೆಂದು ಕಳಿಸಿದ್ದರು. ಎಲ್ಲರೂ ಇಲ್ಲಿಯವರೆಗೆ ನಡೆದಿದ್ದರು.

ಕೊನೆಯಲ್ಲಿ ಕೂತವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ದವಾಖಾನೆಯ ಜಗುಲಿಯಲ್ಲಿ ದಿನವೂ ಪತ್ರಿಕೆ ಓದುತ್ತ ಕೂರುವ ಹಿರಿಯರು, ನಮ್ಮ ಡಾಕ್ಟರ ತಂದೆ. ಅವರ ಕೈಯಲ್ಲಿ ಜಿಲೇಬಿ ಇತ್ತು. ನನ್ನನ್ನು ಗುರುತು ಹಿಡಿದವರೇ ಜಿಲೇಬಿಯನ್ನು ಪಕ್ಕದವರ ತಟ್ಟೆಗೆ ಇಟ್ಟರು.

"ಯವ್ವಾ," ಎಂದರು ಮೆಲ್ಲಗೆ, "ನಮ್ಮ ಹುಡುಗನ ಮುಂದ ಅನಬ್ಯಾಡ. ಅವ ಮೊದಲ ಭಾಳ ಸೂಕ್ಷ್ಮ."

ಅಪ್ಪನಿಗೆ ಧೈರ್ಯ ಬಂದದ್ದು ಆಗ. "ನೋಡಿದಿಲ್ಲ?" ಎಂದ. "ಡಾಕ್ಟರ ಅಪ್ಪಾರೂ ತಿಂತಾರ. ಕೆಟ್ಟದ್ದಾಗಿದ್ರ ಮಗ ಬಿಡತಿದ್ದನೇನು?"

ಅಷ್ಟರಲ್ಲಿ ಹೋಟೆಲಿನವಳು ಪತ್ರಿಕೆಯಲ್ಲಿ ಸುತ್ತಿದ ಬಿಸಿ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. "ಮಗಳೇನು ನೀವು? ದಿನಾ ತಾತಾ ಮನಿಗೆ ಕಟ್ಟಿಸ್ಕೊಂಡ ಹೋಗೂದು ನಿಮಗೇನಮ್ಮಾ? ಖಾರ ಸಾಕಾಗ್ತದಾ?"

ಅಪ್ಪ ಕಾಲುವೆಯ ಕಡೆ ನೋಡಿದ. ನಾನು ಪೊಟ್ಟಣ ಹಿಡಿದು ಮನೆಗೆ ಬಂದೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದಳು. ಪೊಟ್ಟಣವನ್ನು ಅವಳ ಮುಂದಿಟ್ಟೆ.

"ಅವ್ವಾ, ಮಿರ್ಚಿ."

"ಏನಂದಿ?"

"ಮಿರ್ಚಿ ಅಂದೆ. ಅಪ್ಪ ದಿನಾ ತರತಾನಲ್ಲ, ಅವು."

"ಕೇಳಸವಲ್ದವ್ವ. ಕಿವಿ ಗುಂಯ್ ಅನ್ನಾಕತ್ತಾವು."

"ತಣ್ಣಗಾಗತಾವು ಅಂದೆ," ಎಂದು ಪಿಸುಗುಟ್ಟಿದೆ.

"ಹಂಗಾರ ಕೊಡು," ಎಂದಳು.

ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿ ವಿಚಾರಣೆ ಮಾಡಿದೆ. ಅವರ ಒಪ್ಪಂದ ಬಹಳ ಸರಳವಾಗಿತ್ತು. ಮೊದಲ ದಿನಗಳಲ್ಲೇ ಅಪ್ಪನ ರುಮಾಲಿನಲ್ಲಿ ಎಣ್ಣೆಯ ವಾಸನೆ ಹಿಡಿದ ಅವ್ವ ಗಲಾಟೆ ಮಾಡಲು ಬಾಯಿ ತೆರೆದಿದ್ದಳು. ತೆರೆದ ಬಾಯಿಗೆ ಅಪ್ಪ ಒಂದು ಮಿರ್ಚಿ ಹಾಕಿದ. ಅಂದಿನಿಂದ ಅಪ್ಪನ ಸಕ್ಕರೆಗೆ ಅವ್ವನ ಮೌನ, ಅವ್ವನ ಉಪ್ಪು ಎಣ್ಣೆಗೆ ಅಪ್ಪನ ಮೌನ. ನಾನು ಆ ಕಾವಲನ್ನು ನಂಬಿದ್ದೆ. ಕಾವಲಿನವಳು ಬೆಳಿಗ್ಗೆ ಬಿಸಿಬಿಸಿ ಪಾಲು ತೆಗೆದುಕೊಳ್ಳುತ್ತಿದ್ದಳು. ನನ್ನ ಗಂಡ ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ, ಪತ್ರಿಕೆ ನಡುಗುತ್ತಿತ್ತು. ನಗುತ್ತಿದ್ದಾನೆಂದು ಗೊತ್ತಾಗಿ ಅವನನ್ನು ಹೊರಗೆ ಕಳಿಸಿದೆ.

ನಾನು ಟೀಚರು. ಶಿಕ್ಷೆ ಹೇಗೆ ಕೊಡಬೇಕೆಂದು ಬಲ್ಲೆ. ಅಂದೇ ಮನೆಯ ಸಕ್ಕರೆ ಡಬ್ಬಿಯನ್ನು ಖಾಲಿ ಮಾಡಿದೆ. ಬೆಲ್ಲ ಹೋಯಿತು, ಉಪ್ಪಿನಕಾಯಿ ಜಾಡಿ ಎದುರು ಮನೆಗೆ ಹೋಯಿತು. ನಾವೆಲ್ಲರೂ ಸಪ್ಪೆ ಚಹಾ ಕುಡಿದೆವು. ಭಾನುವಾರಗಳಲ್ಲಿ ಅಪ್ಪನ ನಡಿಗೆಗೆ ನಾನು, ಉಳಿದ ದಿನ ಗಂಡ ಜೊತೆಗೆ ಹೋಗತೊಡಗಿದೆವು. ಮುಂದಿನ ಸಲ ದವಾಖಾನೆಗೆ ಹೋದಾಗ ಡಾಕ್ಟರಿಗೆ ಎಲ್ಲವನ್ನೂ ಹೇಳಿದರಾಯಿತು ಎಂದುಕೊಂಡೆವು.

ಅಪ್ಪನಿಗೆ ಅವಮಾನವಾಗಿತ್ತು. ಮಗಳ ಕೈಯಲ್ಲಿ ಸಿಕ್ಕಿಬಿದ್ದದ್ದಕ್ಕಿಂತ ಅಳಿಯ ನಕ್ಕದ್ದು ಅವನನ್ನು ಹೆಚ್ಚು ಚುಚ್ಚಿತ್ತು. ಅವನು ಅಳಿಯನ ಮುಂದೆ ಎಂದೂ ಜೋರಾಗಿ ಮಾತಾಡಿದವನಲ್ಲ. ಅಳಿಯ ಒಳಗೆ ಬಂದರೆ ಎದ್ದು ನಿಲ್ಲುವವನು, "ಬರ್ರಿ ಅಳಿಯಾರ, ಕೂಡ್ರಿ" ಎಂದು ಅವನದೇ ಮನೆಯಲ್ಲಿ ಅವನಿಗೇ ಉಪಚಾರ ಮಾಡುವವನು. ಈಗ ಸಿಟ್ಟನ್ನು ತಟ್ಟೆಯ ಮೇಲೆ ತೀರಿಸಿಕೊಂಡ. ಎರಡು ರೊಟ್ಟಿ ಹಾಕಿದರೆ ಒಂದನ್ನು ಹಿಂದಕ್ಕೆ ತಳ್ಳಿದ. ತುತ್ತು ಅನ್ನ ಹಾಕಿದರೆ ಮುಟ್ಟಲಿಲ್ಲ. "ಪಥ್ಯ ಅಂದ್ರ ಹೆಂಗಿರತೈತಿ ನಾ ತೋರಸ್ತೀನಿ" ಎಂದ. ಗುಳಿಗೆಯನ್ನು ಮಾತ್ರ ಗಡಿಯಾರ ನೋಡಿ ತೆಗೆದುಕೊಳ್ಳುತ್ತಿದ್ದ; ಅದೂ ನಮ್ಮೆಲ್ಲರ ಕಣ್ಣಿಗೆ ಬೀಳುವ ಹಾಗೆ ಪಡಸಾಲೆಯ ನಡುವೆ ನಿಂತು.

ಹೀಗಿರುವಾಗ ಶ್ರಾವಣ ಬಂತು. ಶ್ರಾವಣ ಸೋಮವಾರ ನಮ್ಮಲ್ಲಿ ಉಪವಾಸ. ಬೇಡವೆಂದು ನಾನು ಹೇಳಿದೆ. ಏನಾದರೂ ತಿಂದೇ ಗುಳಿಗೆ ನುಂಗು ಎಂದೂ ಹೇಳಿ ಶಾಲೆಗೆ ಹೋದೆ. ಅಪ್ಪ ಹೂಂ ಎಂದ. ಹೂಂ ಎಂದವನು ಏನೂ ತಿನ್ನದೆ, ಏರಿಸಿದ ಪ್ರಮಾಣದ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಿ, ವಿಭೂತಿ ಹಚ್ಚಿಕೊಂಡು ಕೂತ.

ಮಧ್ಯಾಹ್ನದ ಬಿಡುವಿನಲ್ಲಿ ನಾನು ಮನೆಗೆ ಬಂದಾಗ ಗಂಡನೂ ಊಟಕ್ಕೆ ಬಂದಿದ್ದ. ಅಪ್ಪ ಮಂಚದ ಮೇಲೆ ಕೂತಿದ್ದ. ತಂಪು ಗಾಳಿ ಬೀಸುತ್ತಿದ್ದರೂ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಕೈಗಳು ನಡುಗುತ್ತಿದ್ದವು. ನನ್ನ ಗಂಡ ಹತ್ತಿರ ಹೋಗಿ, "ಮಾವಾರ, ಏನಾತ್ರಿ?" ಎಂದ.

ಅಪ್ಪ ಎದ್ದು ನಿಲ್ಲಲಿಲ್ಲ. ಅವನನ್ನೇ ದಿಟ್ಟಿಸಿ ನೋಡಿದ.

"ಲೇ ಗುಮಾಸ್ತಾ," ಎಂದ. "ನಿನ್ನ ಮೀಸಿ ಒಂದ ಕಡೆ ದೊಡ್ಡದೈತಿ. ನಿನ್ನ ಮದುವಿ ದಿನದಿಂದ ಹೇಳಬೇಕಂತ ಮಾಡೀನಿ."

ನಾವು ಮುಖ ಮುಖ ನೋಡಿಕೊಂಡೆವು. ಅವ್ವ ಗೋಡೆ ಹಿಡಿದು ಎದ್ದಳು. "ಇವ್ರಿಗೆ ಏನೋ ಆಗೇತಿ," ಎಂದಳು. "ಅಳಿಯಗ ಲೇ ಅಂದ್ರ ಖರೇನ ಏನೋ ಆಗೇತಿ." ನಾನು ಮೊಬೈಲಿನಲ್ಲಿ ಡಾಕ್ಟರಿಗೆ ಫೋನ್ ಮಾಡಿದೆ.

"ಏನ ತಿಂದಾರ?" ಎಂದು ಕೇಳಿದರು.

"ಏನೂ ಇಲ್ರಿ. ಉಪವಾಸ ಅದಾರ."

"ಗುಳಿಗಿ?"

"ತಗೊಂಡಾರ."

"ಸಕ್ರಿ ಪೂರಾ ಇಳದೈತಿ. ಎಚ್ಚರ ಐತಿಲ್ಲ? ನುಂಗಾಕ ಬರತೈತಿಲ್ಲ? ಹಂಗಾರ ಈಗಿಂದೀಗ ಸಕ್ರಿ ನೀರು ಕುಡಸ್ರಿ. ಕುಡಿಸಿ ಕರ್ಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ."

ಸಕ್ಕರೆ. ನಾನು ಅಡುಗೆಮನೆಗೆ ಓಡಿದೆ. ಡಬ್ಬಿಯನ್ನು ನಾನೇ ತೊಳೆದು ಬೋರಲು ಹಾಕಿದ್ದೆ. ಬೆಲ್ಲವಿರಲಿಲ್ಲ, ಒಂದು ಬಾಳೆಹಣ್ಣೂ ಇರಲಿಲ್ಲ. ಎದುರು ಮನೆಯವರು ಬೀಗ ಹಾಕಿಕೊಂಡು ಹೋಗಿದ್ದರು. ಗಂಡ ಅಂಗಡಿಗೆಂದು ಹೊರಗೆ ಓಡಿದ. ಅಷ್ಟರಲ್ಲಿ ಅವ್ವ ಗೋಡೆ ಹಿಡಿಯುವುದನ್ನು ಬಿಟ್ಟು, ನಡೆಯಲಾಗದ ಕಾಲಲ್ಲಿ ಬಿರಬಿರನೆ ಒಳಗೆ ಬಂದು, ಜೋಳ ತುಂಬಿಟ್ಟ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು, ಭುಜದವರೆಗೂ ಕೈ ಇಳಿಸಿದಳು. ಜೋಳದ ತಳದಿಂದ ಬಟ್ಟೆ ಸುತ್ತಿದ ಬೆಲ್ಲದ ಉಂಡೆ ಹೊರಗೆ ಬಂತು.

"ಇದೇನವ್ವಾ?"

"ಆಮ್ಯಾಲ ಕೇಳು. ಮೊದಲ ಕುಟ್ಟು."

ಕುಟ್ಟಿ, ನೀರಲ್ಲಿ ಕಲಸಿ ಅಪ್ಪನ ಬಾಯಿಗೆ ಹಿಡಿದೆ. ತಿಂಗಳುಗಟ್ಟಲೆ ಸಿಹಿಯನ್ನು ಕದ್ದು ತಿಂದ ನನ್ನಪ್ಪ ತುಟಿ ಬಿಗಿದುಕೊಂಡು ಮುಖ ತಿರುಗಿಸಿದ. "ಬ್ಯಾಡ," ಎಂದ. "ನನಗ ಸಕ್ರಿ ಐತಿ. ಡಾಕ್ಟರು ಬ್ಯಾಡಂದಾರ." ನಾನು ಅತ್ತುಕೊಂಡು, "ಅಪ್ಪಾ, ಅವ್ರ ಹೇಳ್ಯಾರ, ಕುಡಿ," ಎಂದೆ. ತಲೆ ಅಲ್ಲಾಡಿಸಿದ. "ನೀ ನನ್ನ ಪರೀಕ್ಷಾ ಮಾಡಾಕತ್ತಿ," ಎಂದ. ಅವ್ವ ನನ್ನ ಕೈಯಿಂದ ಲೋಟ ಕಿತ್ತುಕೊಂಡಳು. ಅವನ ಕಿವಿಯ ಹತ್ತಿರ ಬಾಗಿ, "ಯಾರೂ ನೋಡವಲ್ರು, ಕುಡೀರಿ ಲಗೂನ," ಎಂದಳು.

ಅಪ್ಪ ಗಟಗಟನೆ ಕುಡಿದ.

ಹತ್ತು ಹದಿನೈದು ನಿಮಿಷದಲ್ಲಿ ಬೆವರು ನಿಂತಿತು. ಕಣ್ಣಿಗೆ ಕಳೆ ಬಂತು. ಅಂಗಡಿಯಿಂದ ಸಕ್ಕರೆ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಂದ ನನ್ನ ಗಂಡನನ್ನು ಕಂಡು ಅಪ್ಪ ಮಂಚದಿಂದ ಏಳಲು ನೋಡಿದ. "ಬರ್ರಿ ಅಳಿಯಾರ, ಕೂಡ್ರಿ. ಇದ್ಯಾಕ ಇಷ್ಟ ಓಡಿ ಬಂದ್ರಿ?" ನಮಗೆಲ್ಲ ಜೀವ ಬಂತು. ಅವನಿಗೆ ಉಪ್ಪಿಟ್ಟು ತಿನ್ನಿಸಿ, ಆಟೋ ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ, ತಾನು ಏನಾದರೂ ಮಾತಾಡಿದೆನೇ ಎಂದು ಅಪ್ಪ ಕೇಳಿದ. "ಏನೂ ಇಲ್ರಿ ಮಾವಾರ," ಎಂದ ನನ್ನ ಗಂಡ. ಆದರೆ ಆಟೋದ ಕನ್ನಡಿಯಲ್ಲಿ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡೆ. ಮರುದಿನ ಬಲಗಡೆ ಸ್ವಲ್ಪ ಕತ್ತರಿಸಿಕೊಂಡ. ಈಗ ಎಡಗಡೆ ದೊಡ್ಡದಾಗಿ ಕಾಣಿಸಿತು.

ಡಾಕ್ಟರು ಅಪ್ಪನ ರಕ್ತ ನೋಡಿ, ನಾಡಿ ನೋಡಿ, ಇನ್ನೇನೂ ಭಯವಿಲ್ಲ ಎಂದ ಮೇಲೆ ಬಾಗಿಲು ಮುಂದೆ ಮಾಡಿ ಕೂತರು.

"ಈಗ ಖರೇ ಹೇಳ್ರಿ," ಎಂದರು. "ನೀವು ಹೊರಗ ತಿಂತಿದ್ರಿ. ತಿಂತಿದ್ದದ್ದಕ್ಕ ಸಕ್ರಿ ಏರತಿತ್ತು. ಏರೈತಿ ಅಂತ ನಾ ಗುಳಿಗಿ ಏರಿಸಿದೆ. ಆಮ್ಯಾಲ ನೀವು ತಿನ್ನೂದು ಬಿಟ್ರಿ, ಗುಳಿಗಿ ಅಷ್ಟ ಇತ್ತು. ಹೌದಿಲ್ಲೋ?"

ಅಪ್ಪ ನೆಲ ನೋಡಿದ. ನಂತರ ಎಲ್ಲವನ್ನೂ ಹೇಳಿದ. ಹೋಟೆಲು, ಬೆಂಚು, ಮಿರ್ಚಿ, ಪರೀಕ್ಷೆಯ ಮುಂಚಿನ ಸನ್ಯಾಸ. ಜಿಲೇಬಿಯ ಹತ್ತಿರ ಬಂದಾಗ ನಾನು ಅವನ ಅಂಗಿ ಜಗ್ಗಿದೆ. ತಡವಾಗಿತ್ತು.

"ನಾ ಒಬ್ಬನ ಅಲ್ರಿ," ಎಂದ. "ನಿಮ್ಮ ಅಪ್ಪಾರೂ ಇರ್ತಾರ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಕಿಟಕಿಯಾಚೆ ಜಗುಲಿಯಲ್ಲಿ ಒಂದು ಪತ್ರಿಕೆ ಮೆಲ್ಲಗೆ ಮೇಲೇರಿ ಮುಖವೊಂದನ್ನು ಪೂರ್ತಿ ಮುಚ್ಚಿತು.

"ಅಪ್ಪಾ," ಎಂದು ಡಾಕ್ಟರು ಕರೆದರು. "ಒಂದೀಟ ಒಳಗ ಬಾ."

ಅವರು ಬಂದು ನನ್ನಪ್ಪನ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರೂ ನನ್ನ ತರಗತಿಯ ಕೊನೆಯ ಬೆಂಚಿನವರ ಹಾಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಮುದುಕರಿಗೆ ಹಗುರಾಗುತ್ತಿತ್ತೇನೋ. "ನಾಲಿಗಿ ಕೇಳೂದಿಲ್ಲ, ಗೊತ್ತೈತಿ ನನಗ," ಎಂದರು. "ಎಂದರ ಒಮ್ಮೆ ತಿಂದ್ರ ತಿಂದೆ ಅನ್ರಿ. ನೀವು ಮುಚ್ಚಿಟ್ರ ನಾ ಕಣ್ಣ ಕಟ್ಟಿಕೊಂಡ ಔಷಧ ಕೊಟ್ಟಂಗ ಆಗತೈತಿ. ಉಪವಾಸನೂ ಹೇಳದ ಮಾಡಬ್ಯಾಡ್ರಿ." ಗುಳಿಗೆಯ ಪ್ರಮಾಣ ಇಳಿಸಿದರು. ಮಧ್ಯಾಹ್ನ ರೊಟ್ಟಿಯ ಜೊತೆಗೆ ಒಂದು ಸಣ್ಣ ಬಟ್ಟಲು ಅನ್ನಕ್ಕೆ ಅಪ್ಪಣೆ ಕೊಟ್ಟರು. ಅಪ್ಪ ಆ ಬಟ್ಟಲು ಎಷ್ಟು ದೊಡ್ಡದಿರಬೇಕು ಎಂದು ಚರ್ಚೆಗೆ ಇಳಿಯುವಷ್ಟರಲ್ಲಿ ನಾನು ಅವನನ್ನು ಎಬ್ಬಿಸಿಕೊಂಡು ಬಂದೆ.

ಜೋಳದ ತಳದಲ್ಲಿ ಬೆಲ್ಲ ಏಕಿತ್ತು ಎಂದು ಅವ್ವನನ್ನು ಕೇಳಿದೆ. ಹಬ್ಬದ ಹೋಳಿಗೆಗೆ ಇಟ್ಟಿದ್ದೆ ಎಂದಳು. ಯಾವ ಹಬ್ಬ ಎಂದರೆ ಕಿವಿ ಗುಂಯ್ ಎನ್ನತೊಡಗಿತು. ಬಿಟ್ಟೆ. ಆ ಉಂಡೆಯ ಒಂದು ಕಡೆ ಹಲ್ಲಿನಿಂದ ಕಚ್ಚಿದ ಗುರುತಿತ್ತು, ಅಪ್ಪನ ಬಾಯಲ್ಲಿ ಹಲ್ಲೇ ಉಳಿದಿರಲಿಲ್ಲ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮನೆಯಲ್ಲೇ ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ನನ್ನ ಗಂಡ ತಂದ. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಅಂಕಿ ತೋರಿಸುತ್ತದೆ. ಚುಚ್ಚುವವರು ಯಾರು ಎಂದಾಗ ನಾನು ಹಿಂದೆ ಸರಿದೆ, ಗಂಡ ರಕ್ತ ನೋಡಲಾರ. "ಕೊಡ್ರಿ ಇಲ್ಲಿ," ಎಂದಳು ಅವ್ವ. ಮದುವೆಯಾದಾಗಿನಿಂದ ಅಪ್ಪನ ಮೇಲೆ ಸಂಗ್ರಹವಾಗಿದ್ದ ಸಿಟ್ಟಿಗೆಲ್ಲ ಒಂದು ಶಾಸ್ತ್ರೋಕ್ತ ದಾರಿ ಸಿಕ್ಕಿತ್ತು. ಹಿಂದಿನ ಸಂಜೆ ಜಗಳವಾಗಿದ್ದರೆ ಮರುದಿನ ಸೂಜಿ ಸ್ವಲ್ಪ ಒಳಗೆ ಹೋಗುತ್ತಿತ್ತು ಎಂಬುದು ಅಪ್ಪನ ಆರೋಪ. ಅದೂ ಪೂರ್ತಿ ಸುಳ್ಳಿರಲಿಕ್ಕಿಲ್ಲ.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಯಂತ್ರದ ಅಂಕಿ ಓದಲು ಬರುತ್ತಿರಲಿಲ್ಲ. ದಿನಾ ನನ್ನನ್ನು ಕರೆಯುತ್ತಿದ್ದಳು. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಬೇಸರ ಮಾಡಿಕೊಂಡಾಗ ತಾನೇ ಅಂಕಿಗಳಿಗೆ ಹೆಸರಿಟ್ಟುಕೊಂಡಳು. ಒಂದು ಎಂದರೆ ಕೋಲು. ಎರಡು, ಹೆಡೆ ಎತ್ತಿದ ಹಾವು. ಏಳು ಕುಡಗೋಲು, ಎಂಟು ಕೊಡದ ಮೇಲೆ ಕೊಡ. ಮೊದಲು ಕೋಲು ಬಂದರೆ ಅಪ್ಪನಿಗೆ ಅಂದು ಅನ್ನ. ಹಾವು ಬಂದರೆ ಬರೀ ರೊಟ್ಟಿ, ಪಲ್ಯ, ಮೇಲೆ ಮೌನ. "ಇವತ್ತ ಹಾವು ಎದ್ದೈತಿ, ಎಲ್ಲಿ ಹೋಗಿದ್ರಿ?" ಎಂಬ ಪ್ರಶ್ನೆಗೆ ಅಪ್ಪ, ಡಾಕ್ಟರಿಗೆ ಕೊಟ್ಟ ಮಾತಿನಂತೆ, ನಿಜವನ್ನೇ ಹೇಳುತ್ತಿದ್ದ. "ಅರ್ಧ ಜಿಲೇಬಿ. ಇನ್ನರ್ಧ ಡಾಕ್ಟರ ಅಪ್ಪಾರು."

ಅಪ್ಪನ ಸಕ್ಕರೆ ಹಾಗೆ ಏರುತ್ತ ಇಳಿಯುತ್ತ ಒಂದು ಹದಕ್ಕೆ ಬಂತು. ಕಾಲಿನ ಗಾಯ ಒಣಗಿತು. ಅವ್ವನ ರಕ್ತದೊತ್ತಡವೂ, ಗುಳಿಗೆಯನ್ನು ಅಪ್ಪನೇ ನಿಂತು ನುಂಗಿಸತೊಡಗಿದ ಮೇಲೆ, ಅಂಕೆಯಲ್ಲಿ ಉಳಿಯಿತು.

ಹೀಗೆ ಹನಿಹನಿಯಾಗಿ ಅಪ್ಪನ ರಕ್ತದಲ್ಲಿ ಅವ್ವ ಅಂಕಿ ಕಲಿತಳು. ಕಲಿತದ್ದು ಯಂತ್ರದಲ್ಲಷ್ಟೇ ನಿಲ್ಲಲಿಲ್ಲ. ಗೋಡೆಯ ಪಂಚಾಂಗದಲ್ಲಿ ತಾರೀಖು ಹುಡುಕಿದಳು. ಒಂದು ದಿನ ನನ್ನ ಗಂಡನ ಹಳೆಯ ಮೊಬೈಲ್ ಹಿಡಿದುಕೊಂಡು, ಯಲಬುರ್ಗಾದಲ್ಲಿರುವ ತನ್ನ ತಂಗಿಯ ನಂಬರನ್ನು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಡು ಎಂದಳು. ಬರೆದುಕೊಟ್ಟೆ. ಕೊಡ, ಕೋಲು, ಹಾವು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಒಂದೊಂದೇ ಗುಂಡಿ ಒತ್ತಿ, ಮೊಬೈಲನ್ನು ಕಿವಿಗೆ ಹಿಡಿದು ಅಂಗಳಕ್ಕೆ ಹೋದಳು. ಆ ಕಡೆ ರಿಂಗಾಗಿ ಚಿಕ್ಕವ್ವ ಎತ್ತಿದಾಗ ಅವ್ವನ ಮುಖ ನೋಡಬೇಕಿತ್ತು. ತಾನೇ ಗುಂಡಿ ಒತ್ತಿ ಮಾಡಿದ ಮೊದಲ ಫೋನು ಅದು.

ಅಂದಿನಿಂದ ಅದು ದಿನದ ಕೆಲಸವಾಯಿತು. ತನಗೆ ಸರಿಯಾಗಿ ಕೇಳದ್ದರಿಂದ ಯಲಬುರ್ಗಾಕ್ಕೂ ಕೇಳುವುದಿಲ್ಲವೆಂದು ಅವಳ ನಂಬಿಕೆ. ಓಣಿಯ ಆ ತುದಿಯವರೆಗೂ ದನಿ ಹೋಗುತ್ತಿತ್ತು. "ಇವ್ರ ಸಕ್ರಿ ಇವತ್ತ ಕೋಲು, ಆಮ್ಯಾಲ ಕುಡಗೋಲು, ಆಮ್ಯಾಲ ಕೊಡ," ಎಂದು ಅವಳು ಕೂಗುವಾಗ ನೀರಿಗೆ ನಿಂತ ಹೆಂಗಸರು ಕೊಡ ಇಳಿಸಿ ಕೇಳಿಸಿಕೊಳ್ಳುತ್ತಿದ್ದರು. ಅಪ್ಪ ಹೊರಗೆ ಕಾಲಿಟ್ಟರೆ, "ಕೋಲು ಬಂದೈತಂತಲ್ರಿ ಯಜಮಾನ್ರ, ಛಲೋ ಆತು," ಎಂದು ಅಭಿನಂದಿಸುತ್ತಿದ್ದರು. ಅವನು ರುಮಾಲು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಕಾಲುವೆಯ ಕಡೆ ನಡೆದುಬಿಡುತ್ತಿದ್ದ.